ಎರಡು ಸೂರ್ಯರಿರುವ ಗ್ರಹ ದಾರಿ ತಪ್ಪದೆ ಹೇಗೆ ಸುತ್ತುತ್ತದೆ?

ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 245 ಜ್ಯೋತಿರ್ವರ್ಷ ದೂರದಲ್ಲಿ ಕೆಪ್ಲರ್-16 ಇದೆ. ಬರಿಗಣ್ಣಿಗೆ ಕಾಣುವಷ್ಟು ಪ್ರಕಾಶ ಅದಕ್ಕಿಲ್ಲ. ನಾಸಾದ ಕೆಪ್ಲರ್ ದೂರದರ್ಶಕ 2009ರಲ್ಲಿ ಆಕಾಶಕ್ಕೆ ಹಾರಿದ ಮೇಲೆ ಇದರ ಬೆಳಕನ್ನೂ ಬಿಡದೆ ಅಳೆಯುತ್ತಿತ್ತು. 41 ದಿನಕ್ಕೊಮ್ಮೆ ಆ ಬೆಳಕು ಶೇ 13ರಷ್ಟು ಕುಗ್ಗುತ್ತಿತ್ತು. ಎರಡು ದೊಡ್ಡ ಕುಸಿತಗಳ ನಡುವೆ ಶೇ 1.6ರ ಒಂದು ಚಿಕ್ಕ ಕುಸಿತ. ಇದರ ಅರ್ಥ ಸುಲಭ. ಅಲ್ಲಿರುವುದು ಒಂದಲ್ಲ, ಎರಡು ನಕ್ಷತ್ರ. ಒಂದನ್ನೊಂದು ಸುತ್ತುತ್ತಾ, ಸರದಿಯ ಮೇಲೆ ಒಂದು ಇನ್ನೊಂದನ್ನು ನಮ್ಮ ಕಣ್ಣಿಂದ ಮರೆಮಾಡುತ್ತಿವೆ.

ಇಷ್ಟೇ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೀಗೆ ಗ್ರಹಣ ಹಿಡಿಸಿಕೊಳ್ಳುವ ಜೋಡಿಗಳನ್ನು ಕೆಪ್ಲರ್ ಎರಡು ಸಾವಿರಕ್ಕೂ ಜಾಸ್ತಿ ಕಂಡಿದೆ. ಆದರೆ ಇಲ್ಲಿ ಲೆಕ್ಕಕ್ಕೆ ಸಿಗದ ಇನ್ನೊಂದು ಕುಸಿತ ಇತ್ತು. ಶೇ 1.7ರಷ್ಟು. ಒಮ್ಮೆ 230.3 ದಿನ ಬಿಟ್ಟು ಬಂತು, ಮುಂದಿನ ಸಲ 221.5 ದಿನಕ್ಕೇ ಬಂತು.

ಒಂದೇ ನಕ್ಷತ್ರವನ್ನು ಒಂದೇ ಗ್ರಹ ಸುತ್ತುತ್ತಿದ್ದರೆ ಅದು ನಕ್ಷತ್ರದ ಮುಖದ ಮೇಲೆ ಹಾಯುವ ಹೊತ್ತು ಗಡಿಯಾರದಷ್ಟು ಕರಾರುವಾಕ್ಕಾಗಿರುತ್ತದೆ. ಇಲ್ಲಿ ಒಂಬತ್ತು ದಿನದ ವ್ಯತ್ಯಾಸ ಎಲ್ಲಿಂದ ಬಂತು? ಗ್ರಹದ ತಪ್ಪಲ್ಲ ಅದು. ಗ್ರಹ ತನ್ನ ಪಾಡಿಗೆ ಸರಿಯಾಗಿಯೇ ಸುತ್ತುತ್ತಿದೆ. ಅದು ಯಾವ ನಕ್ಷತ್ರದ ಮುಂದೆ ಹಾಯಬೇಕೋ ಆ ನಕ್ಷತ್ರವೇ ಒಂದು ಕಡೆ ನಿಂತಿಲ್ಲ. ಕೆಲವು ಸಲ ಗ್ರಹಕ್ಕೆ ಬೇಗ ಸಿಗುತ್ತದೆ, ಕೆಲವು ಸಲ ತಡವಾಗಿ. ಹಾಯಲು ಹಿಡಿಯುವ ಸಮಯವೂ ಅಷ್ಟೇ. ನಕ್ಷತ್ರ ಮತ್ತು ಗ್ರಹ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ದಾಟಲು ಹೆಚ್ಚು ಹೊತ್ತು ಬೇಕು, ಎದುರುಬದುರಾಗಿದ್ದರೆ ಬೇಗ ಮುಗಿಯುತ್ತದೆ. ಈ ಏರುಪೇರೇ ಸಾಕ್ಷಿ. ಹಿಂದೆ ದೂರದಲ್ಲಿ ಇನ್ಯಾವುದೋ ನಕ್ಷತ್ರ ಇದ್ದು, ಅದರ ಬೆಳಕು ಇದರೊಂದಿಗೆ ಬೆರೆತಿದ್ದರೆ ಈ ಏರುಪೇರು ಜೋಡಿಯ ಸುತ್ತಾಟಕ್ಕೆ ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ.

ಇನ್ನೂ ಒಂದು ಸಾಕ್ಷಿ ಇತ್ತು. ಆ ಮೂರನೆಯ ವಸ್ತು ನಕ್ಷತ್ರಗಳನ್ನೂ ಸ್ವಲ್ಪ ಎಳೆಯುತ್ತದೆ. ಹಾಗಾಗಿ ಜೋಡಿಯ ಗ್ರಹಣದ ಸಮಯ ಸುಮಾರು ಒಂದು ನಿಮಿಷದಷ್ಟು ಹಿಂದೆ ಮುಂದೆ ಆಗುತ್ತಿತ್ತು. ಎಳೆತ ಇಷ್ಟು ಕಡಿಮೆ ಎಂದರೆ ಎಳೆಯುವುದು ನಕ್ಷತ್ರವಂತೂ ಅಲ್ಲ. ಲೆಕ್ಕ ಹಾಕಿದಾಗ ಬಂದ ಉತ್ತರ: ಗುರುಗ್ರಹದ ಮೂರನೇ ಒಂದು ಭಾಗದಷ್ಟು ತೂಕ. ಹೆಚ್ಚುಕಡಿಮೆ ನಮ್ಮ ಶನಿ. 2011ರ ಸೆಪ್ಟೆಂಬರಿನಲ್ಲಿ ಲಾರೆನ್ಸ್ ಡಾಯ್ಲ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಕೆಪ್ಲರ್-16ಬಿ ಎಂದು ಹೆಸರಾಯಿತು. ಎರಡು ಮಾಮೂಲಿ ನಕ್ಷತ್ರಗಳನ್ನು ಒಟ್ಟಿಗೆ ಸುತ್ತುವ ಗ್ರಹವೊಂದು ಅನುಮಾನಕ್ಕೆ ಎಡೆಯಿಲ್ಲದಂತೆ ಸಿಕ್ಕಿದ್ದು ಅದೇ ಮೊದಲು.

ಆ ಗ್ರಹದಿಂದ ನೋಡಿದರೆ ಆಕಾಶ ಹೇಗಿರಬಹುದು? ಅಂಕಿ ಅಂಶ ಕೈಯಲ್ಲಿರುವಾಗ ಸುಮ್ನೆ ಕಲ್ಪಿಸಿಕೊಳ್ಳುವುದೇಕೆ, ಲೆಕ್ಕವನ್ನೇ ಹಾಕೋಣ. ಸೂರ್ಯನಿಂದ ಭೂಮಿ ಇರುವ ದೂರವನ್ನು 1 ಎಂದುಕೊಂಡರೆ, ಜೋಡಿಯ ನಡುವಿನ ಅಂತರ 0.22. ಗ್ರಹ ಇರುವುದು 0.70ರಲ್ಲಿ. ದೊಡ್ಡ ನಕ್ಷತ್ರ ನಮ್ಮ ಸೂರ್ಯನಿಗಿಂತ ಚಿಕ್ಕದು, ಆದರೆ ಗ್ರಹ ಹತ್ತಿರ ಇರುವುದರಿಂದ ಆಕಾಶದಲ್ಲಿ ನಮ್ಮ ಸೂರ್ಯನಷ್ಟೇ ಅಗಲವಾಗಿ ಕಾಣುತ್ತದೆ. ಕಿತ್ತಳೆ ಬಣ್ಣದ ಜಾತಿಯದ್ದು. ಎರಡನೆಯದು ಕೆಂಪು ಕುಬ್ಜ, ಅಗಲದಲ್ಲಿ ಮೊದಲನೆಯದರ ಮೂರನೇ ಒಂದು ಭಾಗ. ಇವೆರಡೂ ಒಂದರಿಂದ ಒಂದು ಅತಿ ದೂರ ಕಾಣುವಾಗ ನಡುವೆ ಸುಮಾರು 18 ಡಿಗ್ರಿ ಅಂತರ. ಕೈಯನ್ನು ಪೂರ್ತಿ ಚಾಚಿ ಆಕಾಶಕ್ಕೆ ಗೇಣು ಹಿಡಿದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ಹತ್ತಿರ ಬರುತ್ತಾ ಬರುತ್ತಾ ಚಿಕ್ಕದು ದೊಡ್ಡದರ ಮುಖದ ಮೇಲೆ ಹಾಯುತ್ತದೆ, ಇನ್ನೊಂದು ಬದಿಗೆ ಹೋಗುತ್ತದೆ, ತಿರುಗಿ ಬಂದು ದೊಡ್ಡದರ ಹಿಂದೆ ಮರೆಯಾಗುತ್ತದೆ. ನಮಗೆ 41 ದಿನಕ್ಕೊಮ್ಮೆ ಕಾಣುವ ಈ ಗ್ರಹಣ ಅಲ್ಲಿಂದ 50 ದಿನಕ್ಕೊಮ್ಮೆ ಕಾಣುತ್ತದೆ. ಏಕೆಂದರೆ ನಕ್ಷತ್ರಗಳು ಒಂದು ಸುತ್ತು ಮುಗಿಸುವಷ್ಟರಲ್ಲಿ ಗ್ರಹವೂ ಅದೇ ದಿಕ್ಕಿನಲ್ಲಿ ಮುಂದೆ ಹೋಗಿರುತ್ತದೆ.

ಬಿಸಿಲೂ ಒಂದೇ ಸಮ ಇರುವುದಿಲ್ಲ. ದೊಡ್ಡ ನಕ್ಷತ್ರ ತಾನೇ ಹಿಂದೆ ಮುಂದೆ ಸರಿಯುವುದರಿಂದ, ಈ 50 ದಿನದೊಳಗೆ ಗ್ರಹಕ್ಕೆ ಸಿಗುವ ಬೆಳಕು ಸುಮಾರು ಶೇ 30ರಷ್ಟು ಏರಿ ಇಳಿಯುತ್ತದೆ. ಚಿಕ್ಕ ನಕ್ಷತ್ರದ ಪಾಲು ಮಾತ್ರ ಬಹಳ ಕಡಿಮೆ. ಮೊದಲು ಹೇಳಿದ ಶೇ 1.6ರ ಕುಸಿತ ನೆನಪಿದೆಯಲ್ಲ, ಚಿಕ್ಕದು ಪೂರ್ತಿ ಮರೆಯಾದಾಗ ನಷ್ಟವಾಗುವುದು ಅಷ್ಟೇ. ಹಾಗಂತ ದೊಡ್ಡದು ಮುಳುಗಿ ಕೆಂಪು ಸೂರ್ಯ ಒಂದೇ ಮೇಲೆ ಉಳಿದ ಹೊತ್ತಿನಲ್ಲಿ ಕತ್ತಲೆಯೇನೂ ಆಗುವುದಿಲ್ಲ. ಅದೊಂದರ ಬೆಳಕೇ ನಮ್ಮ ಹುಣ್ಣಿಮೆಯ ಸುಮಾರು ಎರಡು ಸಾವಿರ ಪಟ್ಟು. ಎರಡು ಸೂರ್ಯ ಎಂದ ಕೂಡಲೇ ಸಿನಿಮಾಗಳಲ್ಲಿ ಉರಿಬಿಸಿಲಿನ ಮರಳುಗಾಡು ತೋರಿಸುತ್ತಾರೆ. ಇಲ್ಲಿ ಎರಡೂ ಸೇರಿ ಕೊಡುವ ಶಾಖ ಭೂಮಿಗೆ ಸಿಗುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿ. ಮರಳು ಬಿಡಿ, ಕಾಲಿಡಲು ಗಟ್ಟಿ ನೆಲವೂ ಇಲ್ಲ. ಶನಿಯ ಹಾಗೆ ಅನಿಲದ ಗ್ರಹ ಅದು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮೂರು ವಸ್ತುಗಳು ಪರಸ್ಪರ ಸೆಳೆಯುವಾಗ ಮುಂದೆ ಏನಾಗುತ್ತದೆಂದು ಎಲ್ಲ ಕಾಲಕ್ಕೂ ಹೇಳುವ ಒಂದು ಸರಳ ಸೂತ್ರ ಇಲ್ಲ. ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕಾರೆ ಇದೇ ಸಮಸ್ಯೆಯ ಮೇಲೆ ಕೆಲಸ ಮಾಡಿ 1889ರಲ್ಲಿ ಸ್ವೀಡನ್ನಿನ ದೊರೆಯ ಬಹುಮಾನ ಪಡೆದ. ಎಷ್ಟು ಗೊಂದಲಮಯ ಚಲನೆ ಸಾಧ್ಯ ಎಂಬುದು ಆಗಲೇ ಗೊತ್ತಾಗಿದ್ದು. ಹಾಗಿದ್ದಮೇಲೆ ಕೆಪ್ಲರ್-16ಬಿ ಹೇಗೆ ಉಳಿದುಕೊಂಡಿದೆ?

ಉತ್ತರ ಇರುವುದು ದೂರದಲ್ಲಿ. ಗ್ರಹ ಸಾಕಷ್ಟು ದೂರ ಇದ್ದರೆ ಅದಕ್ಕೆ ಎರಡು ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ವಸ್ತುವಿನಂತೆ ಕೆಲಸ ಮಾಡುತ್ತವೆ. ಎರಡರ ತೂಕ ಸೇರಿಸಿ ನಡುವಿನ ಒಂದು ಬಿಂದುವಿನಲ್ಲಿ ಇಟ್ಟಂತೆ. ಗ್ರಹ ಸುತ್ತುವುದು ಆ ಖಾಲಿ ಬಿಂದುವನ್ನು. ಹತ್ತಿರ ಬಂದಷ್ಟೂ ಈ ಸರಳ ಚಿತ್ರ ಹಾಳಾಗುತ್ತದೆ. ನಕ್ಷತ್ರಗಳಲ್ಲಿ ಯಾವುದೋ ಒಂದು ಗ್ರಹದ ಪಕ್ಕ ಹಾದು ಹೋಗುವಾಗ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಒಂದು ಎಳೆತದಿಂದ ಏನೂ ಆಗುವುದಿಲ್ಲ. ಆದರೆ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳುತ್ತಾ ಹೋದರೂ ಅದು ಜೋರಾಗುತ್ತದಲ್ಲ, ಹಾಗೆ ಈ ಎಳೆತಗಳು ಒಂದೇ ತಾಳಕ್ಕೆ ಬಿದ್ದರೆ ಗ್ರಹದ ಕಕ್ಷೆ ಉದ್ದವಾಗುತ್ತಾ ಹೋಗುತ್ತದೆ. ಕೊನೆಗೆ ನಕ್ಷತ್ರಕ್ಕೆ ಡಿಕ್ಕಿ, ಇಲ್ಲವೇ ಮನೆಯಿಂದಲೇ ಹೊರಕ್ಕೆ. ಹೊರಗೆ ಎಸೆಯಲ್ಪಡುವುದೇ ಹೆಚ್ಚು. ಯಾವ ಸೂರ್ಯನೂ ಇಲ್ಲದೆ ಗ್ಯಾಲಕ್ಸಿಯಲ್ಲಿ ಅಲೆಯುವ ಒಂಟಿ ಗ್ರಹಗಳಲ್ಲಿ ಒಂದಷ್ಟು ಹೀಗೆ ಬಂದವೇ ಇರಬಹುದು.

ಈ ಅಪಾಯದ ಗೆರೆ ಎಲ್ಲಿದೆ ಎಂದು ಮ್ಯಾಥ್ಯೂ ಹೋಲ್ಮನ್ ಮತ್ತು ಪಾಲ್ ವೀಗರ್ಟ್ 1999ರಲ್ಲಿ ಕಂಪ್ಯೂಟರಿನಲ್ಲಿ ಹುಡುಕಿದರು. ಬೇರೆ ಬೇರೆ ತೂಕದ, ಬೇರೆ ಬೇರೆ ಆಕಾರದ ಕಕ್ಷೆಯ ಜೋಡಿಗಳ ಸುತ್ತ ಪುಟ್ಟ ಗ್ರಹಗಳನ್ನು ಸುತ್ತಲು ಬಿಟ್ಟು, ಜೋಡಿ ಹತ್ತು ಸಾವಿರ ಸುತ್ತು ಹಾಕುವಷ್ಟರಲ್ಲಿ ಯಾವುದು ಉಳಿಯುತ್ತದೆ ಎಂದು ನೋಡಿದರು. ಸ್ಥೂಲವಾಗಿ ಸಿಕ್ಕ ಉತ್ತರ: ನಕ್ಷತ್ರಗಳ ನಡುವಿನ ಅಂತರದ ಎರಡರಿಂದ ನಾಲ್ಕು ಪಟ್ಟು ದೂರದಾಚೆ ಇದ್ದರೆ ಗ್ರಹ ಕ್ಷೇಮ. ಕೆಪ್ಲರ್-16ಕ್ಕೆ ಆ ಸೂತ್ರ ಹಾಕಿದರೆ ಗೆರೆ 0.65ರ ಹತ್ತಿರ ಬರುತ್ತದೆ. ಗ್ರಹ ಇರುವುದು 0.70ರಲ್ಲಿ. ಅಂದರೆ ಗೆರೆಯಿಂದ ಆಚೆ ಬರೀ ಒಂದು ಹೆಜ್ಜೆ! ಅದರ ಒಂದು ವರ್ಷ 229 ದಿನ, ಜೋಡಿಯ ಸುತ್ತು 41 ದಿನ, ಭಾಗಿಸಿದರೆ 5.6. ಐದು ಅಥವಾ ಆರರಂಥ ಪೂರ್ಣ ಸಂಖ್ಯೆ ಬಂದಿದ್ದರೆ ಎಳೆತಗಳು ತಾಳಕ್ಕೆ ಬೀಳುವ ಅಪಾಯ ಇತ್ತು. ಎರಡರ ನಡುವಿನ ಸಂದಿಯಲ್ಲಿ ಗ್ರಹ ಆರಾಮಾಗಿ ಕೂತಿದೆ.

ಜೋಡಿ ನಕ್ಷತ್ರಗಳಲ್ಲಿ ಗ್ರಹ ಇರಲು ಇನ್ನೊಂದು ದಾರಿಯೂ ಇದೆ. ಎರಡನ್ನೂ ಸುತ್ತದೆ, ಒಂದನ್ನು ಮಾತ್ರ ಸುತ್ತುವುದು. ಆಗ ಗೆರೆ ತಿರುಗುಮುರುಗು. ಗ್ರಹ ತನ್ನ ನಕ್ಷತ್ರಕ್ಕೆ ಹತ್ತಿರವೇ ಇರಬೇಕು. ಆಲ್ಫಾ ಸೆಂಟಾರಿಯನ್ನೇ ನೋಡಿ. ಮೇ ತಿಂಗಳಲ್ಲಿ ರಾತ್ರಿ 11ರ ಸುಮಾರಿಗೆ ಬೆಂಗಳೂರು, ಮೈಸೂರಿನ ಕಡೆಯಿಂದ ದಕ್ಷಿಣಕ್ಕೆ ಮುಖ ಮಾಡಿದರೆ, ತ್ರಿಶಂಕು ಪುಂಜದ ಎಡಕ್ಕೆ, ದಿಗಂತದಿಂದ 16 ಡಿಗ್ರಿ ಮೇಲೆ ಅದು ಕಾಣುತ್ತದೆ. ಪಕ್ಕಪಕ್ಕದ ಎರಡು ಪ್ರಕಾಶಮಾನ ಚುಕ್ಕಿಗಳಲ್ಲಿ ಎಡಗಡೆಯದು. ಆ ಒಂದು ಚುಕ್ಕಿ ನಿಜದಲ್ಲಿ ಎರಡು ನಕ್ಷತ್ರ ಎಂದು 1689ರಲ್ಲಿ ಮೊದಲು ಕಂಡಿದ್ದು ನಮ್ಮ ಪಾಂಡಿಚೇರಿಯಲ್ಲಿ. ಜೀನ್ ರಿಶೋ ಎಂಬ ಜೆಸ್ಯೂಟ್ ಪಾದ್ರಿ ಧೂಮಕೇತು ನೋಡಲು ದೂರದರ್ಶಕ ಹಿಡಿದಾಗ ಇದು ಸಿಕ್ಕಿತು. ಆ ಎರಡರ ನಡುವಿನ ಅಂತರ 80 ವರ್ಷದ ಸುತ್ತಿನಲ್ಲಿ ಸೂರ್ಯ-ಭೂಮಿ ದೂರದ 11 ಪಟ್ಟಿನಿಂದ 36 ಪಟ್ಟಿನವರೆಗೆ ಬದಲಾಗುತ್ತದೆ. ಅಲ್ಲಿ ಗ್ರಹಕ್ಕೆ ಕ್ಷೇಮವಾದ ಜಾಗ ನಕ್ಷತ್ರದಿಂದ ಸೂರ್ಯ-ಭೂಮಿ ದೂರದ ಸುಮಾರು 2.5 ಪಟ್ಟಿನೊಳಗೆ. ನಮ್ಮ ಸೌರವ್ಯೂಹವನ್ನು ಒಯ್ದು ಅಲ್ಲಿಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ಉಳಿಯಬಹುದು. ಗುರು, ಶನಿ ಉಳಿಯುವುದಿಲ್ಲ. ಸೂರ್ಯನಂಥ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಜೊತೆಗಾರ ನಕ್ಷತ್ರ ಇದೆ. ಹಾಗಾಗಿ ಇದು ಎಲ್ಲೋ ಅಪರೂಪದ ಸಂಗತಿಯೇನಲ್ಲ.

ಮತ್ತೆ ಆ ಗೆರೆಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತಿ ಕುತೂಹಲದ ಭಾಗ ಅದೇ. ಕೆಪ್ಲರ್ ಕಂಡ ಜೋಡಿ-ಸೂರ್ಯ ಗ್ರಹಗಳಲ್ಲಿ ಹಲವು ಇದೇ ರೀತಿ ಅಪಾಯದ ಗೆರೆಯ ಪಕ್ಕದಲ್ಲೇ ಇವೆ. ಹತ್ತಿರದ ಗ್ರಹಗಳೇ ನಮ್ಮ ಕಣ್ಣಿಗೆ ಸುಲಭವಾಗಿ ಬೀಳುತ್ತವೆ, ಅದೂ ಒಂದು ಕಾರಣ. ಆದರೆ ಅವು ಅಲ್ಲಿಗೆ ಬಂದದ್ದಾದರೂ ಹೇಗೆ? ಅಲ್ಲೇ ಹುಟ್ಟಿರಲು ಸಾಧ್ಯವಿಲ್ಲ ಎನ್ನುವವರೇ ಹೆಚ್ಚು. ಗ್ರಹ ಬೆಳೆಯಬೇಕಾದರೆ ಅನಿಲ, ಧೂಳಿನ ತಟ್ಟೆಯಲ್ಲಿ ಸಣ್ಣ ಕಲ್ಲುಗಳು ಮೆಲ್ಲಗೆ ತಾಗಿ ಅಂಟಿಕೊಳ್ಳಬೇಕು. ಎರಡು ನಕ್ಷತ್ರ ಕಲಕುತ್ತಿರುವ ಜಾಗದಲ್ಲಿ ಕಲ್ಲುಗಳು ಜೋರಾಗಿ ಗುದ್ದಿಕೊಂಡು ಪುಡಿಯಾಗುತ್ತವೆ. ಹಾಗಾಗಿ ಗ್ರಹ ದೂರದಲ್ಲಿ, ಶಾಂತವಾದ ಜಾಗದಲ್ಲಿ ಹುಟ್ಟಿ, ಆಮೇಲೆ ತಟ್ಟೆಯ ಅನಿಲದ ಜೊತೆ ಒಳಕ್ಕೆ ಸರಿಯುತ್ತಾ ಬಂದಿರಬೇಕು. ನಕ್ಷತ್ರಗಳು ತಮ್ಮ ಸುತ್ತ ತಟ್ಟೆಯ ನಡುವಿನ ಭಾಗವನ್ನು ಗುಡಿಸಿ ಖಾಲಿ ಮಾಡಿರುತ್ತವೆ. ಅನಿಲ ಮುಗಿಯುವ ಆ ಒಳ ಅಂಚಿಗೆ ಬಂದಾಗ ತಳ್ಳುವವರೇ ಇಲ್ಲ, ಗ್ರಹ ಅಲ್ಲಿ ನಿಲ್ಲುತ್ತದೆ. ಆ ಅಂಚು ಇರುವುದು ಹೆಚ್ಚುಕಡಿಮೆ ಅಪಾಯದ ಗೆರೆಯ ಪಕ್ಕದಲ್ಲೇ.

ಇಂಥ ಗ್ರಹಗಳನ್ನು ಹಿಡಿಯುವುದು ಮಾತ್ರ ಸುಲಭವಲ್ಲ. ಬಾಹ್ಯಗ್ರಹಗಳ, ಅಂದರೆ ನಮ್ಮ ಸೌರವ್ಯೂಹದ ಆಚೆ ಸಿಕ್ಕ ಗ್ರಹಗಳ, ಒಟ್ಟು ಸಂಖ್ಯೆ ಆರು ಸಾವಿರ ದಾಟಿದೆ. ಎರಡು ಸೂರ್ಯರ ಮುಂದೆ ಹಾಯುವಾಗ ಸಿಕ್ಕವು ಹದಿನೈದರ ಆಸುಪಾಸು ಅಷ್ಟೇ. ಸಾಮಾನ್ಯ ಸಾಫ್ಟ್‌ವೇರ್ ಒಂದೇ ಅಂತರದಲ್ಲಿ ಮರಳಿ ಬರುವ ಕುಸಿತವನ್ನು ಹುಡುಕುತ್ತದೆ. ಇಲ್ಲಿ ಅಂತರವೇ ನೆಟ್ಟಗಿಲ್ಲ, ಜೊತೆಗೆ ನಕ್ಷತ್ರಗಳ ಗ್ರಹಣದ ಗದ್ದಲ ಬೇರೆ. ಮನುಷ್ಯರ ಕಣ್ಣು ಕೆಲವು ಸಲ ಯಂತ್ರಕ್ಕಿಂತ ಮೇಲಾಗಿದ್ದು ಇದಕ್ಕೇ. 2012ರಲ್ಲಿ ಕೆಪ್ಲರ್-64ಬಿಯನ್ನು ಮೊದಲು ಗಮನಿಸಿದ್ದು ಪ್ಲಾನೆಟ್ ಹಂಟರ್ಸ್ ಯೋಜನೆಯ ಇಬ್ಬರು ಸ್ವಯಂಸೇವಕರು. ಅಲ್ಲಿ ಗ್ರಹ ಸುತ್ತುವ ಜೋಡಿಯ ಆಚೆ ಇನ್ನೊಂದು ಜೋಡಿಯೂ ಇದೆ, ಒಟ್ಟು ನಾಲ್ಕು ನಕ್ಷತ್ರ. 2019ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಬೇಸಿಗೆ ರಜೆಯಲ್ಲಿ ಇಂಟರ್ನ್ ಆಗಿ ಬಂದ 17 ವರ್ಷದ ವುಲ್ಫ್ ಕ್ಯೂಕಿಯರ್, ಟೆಸ್ ದೂರದರ್ಶಕದ ದತ್ತಾಂಶ ನೋಡುತ್ತಾ ಒಂದು ಕುಸಿತ ಕಂಡ. ಮೊದಲು ಅದೂ ನಕ್ಷತ್ರಗಳ ಗ್ರಹಣವೇ ಅಂದುಕೊಂಡಿದ್ದ, ಆದರೆ ಹೊತ್ತು ಹೊಂದಲಿಲ್ಲ. ಅದೇ ಟಿಓಐ-1338ಬಿ. ಟೆಸ್‌ಗೆ ಸಿಕ್ಕ ಈ ಜಾತಿಯ ಮೊದಲ ಗ್ರಹ.

ಕೆಪ್ಲರ್-413ಬಿ ಇನ್ನೂ ತುಂಟ. 66 ದಿನಕ್ಕೊಮ್ಮೆ ಸುತ್ತುವ ಇದು ಮೊದಲು ಮೂರು ಸಲ ನಕ್ಷತ್ರದ ಮುಂದೆ ಹಾಯಿತು. ಆಮೇಲೆ 800 ದಿನ ಪತ್ತೆಯೇ ಇಲ್ಲ. ಮತ್ತೆ ಸಾಲಾಗಿ ಐದು ಸಲ ಕಾಣಿಸಿತು. ಕಾರಣ ಇಷ್ಟೇ. ಅದರ ಕಕ್ಷೆ ಜೋಡಿಯ ಕಕ್ಷೆಗೆ 2.5 ಡಿಗ್ರಿ ಓರೆ, ಆ ಓರೆ ಕಕ್ಷೆ 11 ವರ್ಷಕ್ಕೊಮ್ಮೆ ನಿಧಾನವಾಗಿ ಓಲಾಡುತ್ತದೆ. ಒಮ್ಮೆ ನಮ್ಮ ದೃಷ್ಟಿಯ ನೇರಕ್ಕೆ ಬರುತ್ತದೆ, ಒಮ್ಮೆ ತಪ್ಪುತ್ತದೆ. ಕೆಪ್ಲರ್-16ಬಿಯದೂ ಇದೇ ಕತೆ. ಲೆಕ್ಕದ ಪ್ರಕಾರ 2018ರಿಂದ ಅದು ನಮಗೆ ನಕ್ಷತ್ರದ ಮುಂದೆ ಕಾಣುವುದಿಲ್ಲ, 2042ರ ಹೊತ್ತಿಗೆ ಮತ್ತೆ ಬರಬೇಕು. ಅದೃಷ್ಟಕ್ಕೆ ಇನ್ನೊಂದು ವಿಧಾನ ಇದೆ. ಗ್ರಹದ ಎಳೆತಕ್ಕೆ ನಕ್ಷತ್ರ ನಮ್ಮತ್ತ ಬಂದು ಹೋಗುವ ವೇಗವನ್ನು ಬೆಳಕಿನ ರೋಹಿತದಿಂದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನಿಂದ, ಅಳೆಯುವುದು. 2022ರಲ್ಲಿ ಫ್ರಾನ್ಸಿನ ಓಟ್ ಪ್ರೊವಾನ್ಸ್ ವೀಕ್ಷಣಾಲಯದ 193 ಸೆಂಟಿಮೀಟರ್ ದೂರದರ್ಶಕದಿಂದ ಕೆಪ್ಲರ್-16ಬಿಯನ್ನು ಹೀಗೇ ಮತ್ತೆ ಹಿಡಿದರು.

ಹಳೆಯದರ ಮಾತು ಬಂದರೆ ಒಂದನ್ನು ಬಿಡುವ ಹಾಗಿಲ್ಲ. ವೃಶ್ಚಿಕ ರಾಶಿಯ ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲಿ ಎಂ4 ಎಂಬ ನಕ್ಷತ್ರಗುಚ್ಛ ಇದೆ. ಅದರೊಳಗೆ ಗಿರಗಿರನೆ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ಒಂದು ಪಲ್ಸಾರ್ ಮತ್ತು ಒಂದು ಶ್ವೇತ ಕುಬ್ಜ ಜೋಡಿಯಾಗಿವೆ. ಎರಡೂ ಆಯಸ್ಸು ಮುಗಿಸಿದ ನಕ್ಷತ್ರಗಳು. ಗುರುವಿನ ಸುಮಾರು ಎರಡೂವರೆ ಪಟ್ಟು ತೂಕದ ಗ್ರಹ ಈ ಜೋಡಿಯನ್ನು ಸುತ್ತುತ್ತಿದೆ. 1993ರಲ್ಲಿ ಅನುಮಾನ ಬಂತು, 2003ರಲ್ಲಿ ಹಬಲ್ ನೆರವಿನಿಂದ ಖಚಿತವಾಯಿತು. ಆ ಗುಚ್ಛಕ್ಕೆ 1,200 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು, ಗ್ರಹವೂ ಅಷ್ಟೇ ಹಳೆಯದಿರಬೇಕು. ನಮ್ಮ ಸೂರ್ಯನ ಎರಡೂವರೆ ಪಟ್ಟು. ಎರಡು ಸೂರ್ಯರ ನಡುವೆ ಸಂಸಾರ ಅಸ್ಥಿರ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾ?

ಜೀವ ಇರಬಹುದೇ ಎಂದು ಎಲ್ಲರೂ ಕೇಳುತ್ತಾರೆ. ನೀರು ದ್ರವವಾಗಿ ಉಳಿಯುವಷ್ಟು ಹದವಾದ ದೂರದಲ್ಲಿ ಕೆಲವು ಇವೆ, ಉದಾಹರಣೆಗೆ ಕೆಪ್ಲರ್-47ಸಿ. ಮೂರು ಗ್ರಹಗಳಿರುವ ಕುಟುಂಬ ಅದು. ಆದರೆ ಅದು ಭೂಮಿಯಂಥದ್ದಲ್ಲ, ದೊಡ್ಡ ಅನಿಲ ಗ್ರಹ. ಸದ್ಯಕ್ಕೆ ಇಷ್ಟೇ ಹೇಳಬಹುದು.

ಇನ್ನು ನಿಜವಾದ ಒಗಟು. ಒಂದು ವಾರಕ್ಕಿಂತ ಬೇಗ ಸುತ್ತು ಮುಗಿಸುವ, ತೀರಾ ಅಂಟಿಕೊಂಡ ಜೋಡಿಗಳನ್ನು ಕೆಪ್ಲರ್ ರಾಶಿ ರಾಶಿ ನೋಡಿದೆ. ಅವುಗಳ ಮುಂದೆ ಹಾಯುವ ಗ್ರಹ ಒಂದನ್ನೂ ಕಾಣಲಿಲ್ಲ. ಗ್ರಹ ಸಿಕ್ಕಿದವುಗಳಲ್ಲಿ ಅತಿ ಬಿಗಿಯಾದ ಜೋಡಿ ಕೆಪ್ಲರ್-47, ಅದರ ಸುತ್ತು 7.45 ದಿನ. ಇದು ತಲೆಕೆಳಗಾದ ಫಲಿತಾಂಶ. ಜೋಡಿ ಬಿಗಿಯಾಗಿದ್ದಷ್ಟೂ ಅಪಾಯದ ಗೆರೆ ಒಳಗಿರುತ್ತದೆ, ಗ್ರಹಕ್ಕೆ ಜಾಗ ಜಾಸ್ತಿ ಸಿಗುತ್ತದೆ. ಹಾಗಾದರೆ ಎಲ್ಲಿ ಹೋದವು?

ಹೆಚ್ಚು ಚರ್ಚೆಯಲ್ಲಿರುವ ಒಂದು ಉತ್ತರ ಮೂರನೆಯ ನಕ್ಷತ್ರದ ಕಡೆ ಬೆರಳು ತೋರಿಸುತ್ತದೆ. ಇಷ್ಟು ಹತ್ತಿರದ ಜೋಡಿ ಹಾಗೆಯೇ ಹುಟ್ಟುವುದು ಕಷ್ಟ. ಮೊದಲು ದೂರ ದೂರ ಇದ್ದು, ಆಮೇಲೆ ಹತ್ತಿರವಾಗಿರಬೇಕು. ಹತ್ತಿರ ಮಾಡಿದ್ದು ದೂರದಲ್ಲಿರುವ ಮೂರನೆಯ ನಕ್ಷತ್ರ. ಮೂರು ದಿನಕ್ಕಿಂತ ಕಡಿಮೆ ಸುತ್ತಿನ ಜೋಡಿಗಳಲ್ಲಿ ಬಹುಪಾಲಿಗೆ ಇಂಥ ಮೂರನೆಯವನು ಇದ್ದೇ ಇದ್ದಾನೆ. ಅವನ ಎಳೆತಕ್ಕೆ ಜೋಡಿಯ ಕಕ್ಷೆ ವಾಲುತ್ತದೆ, ಉದ್ದವಾಗುತ್ತದೆ. ಉದ್ದ ಕಕ್ಷೆಯಲ್ಲಿ ಎರಡೂ ತೀರಾ ಹತ್ತಿರ ಬಂದಾಗಲೆಲ್ಲ ಒಂದು ಇನ್ನೊಂದರ ಮೈಯಲ್ಲಿ ಉಬ್ಬರ ಎಬ್ಬಿಸಿ ಶಕ್ತಿ ಕಳೆದುಕೊಳ್ಳುತ್ತದೆ, ಕಕ್ಷೆ ಕುಗ್ಗುತ್ತದೆ. ಈ ಲಕ್ಷಾಂತರ ವರ್ಷಗಳ ರಂಪಾಟದ ನಡುವೆ ಅಲ್ಲಿದ್ದ ಗ್ರಹಗಳು ಹೊರಬಿದ್ದಿರಬಹುದು. ಇಲ್ಲವೇ ಉಳಿದುಕೊಂಡೂ ಜೋಡಿಯ ಕಕ್ಷೆಗೆ ತುಂಬಾ ಓರೆಯಾಗಿ ಸುತ್ತುತ್ತಿರಬಹುದು.

ಈ ಎರಡನೆಯ ಸಾಧ್ಯತೆ ತಳ್ಳಿಹಾಕುವಂಥದ್ದಲ್ಲ. 2025ರ ಏಪ್ರಿಲ್‌ನಲ್ಲಿ ಥಾಮಸ್ ಬೇಕ್ರಾಫ್ಟ್ ಮತ್ತು ಜೊತೆಗಾರರು 120 ಜ್ಯೋತಿರ್ವರ್ಷ ದೂರದ 2ಎಂ1510 ಎಂಬ ಜೋಡಿಯ ಬಗ್ಗೆ ಬರೆದರು. ನಕ್ಷತ್ರವಾಗುವಷ್ಟು ತೂಕ ಸಿಗದೆ ಉಳಿದುಹೋದ ಎರಡು ಕಂದು ಕುಬ್ಜಗಳು ಅವು. ಅವುಗಳ ಉದ್ದನೆಯ ಕಕ್ಷೆಯೇ ನಿಧಾನವಾಗಿ ತಿರುಗುತ್ತಿದೆ, ಅದೂ ಅವು ಸುತ್ತುವ ದಿಕ್ಕಿಗೆ ಉಲ್ಟಾ. ಜೋಡಿಯ ಕಕ್ಷೆಗೆ ಲಂಬವಾಗಿ, ಮೇಲಿಂದ ಕೆಳಕ್ಕೆ ಸುತ್ತುವ ಗ್ರಹ ಇದ್ದರೆ ಮಾತ್ರ ಹೀಗಾಗಲು ಸಾಧ್ಯ ಎಂಬುದು ಅವರ ತೀರ್ಮಾನ. ಅಂಥ ಗ್ರಹ ನಕ್ಷತ್ರದ ಮುಂದೆ ನೇರ ಹಾದು ಹೋಗುವುದನ್ನು ಕಾಯುತ್ತಾ ಕೂತರೆ ಸಾಮಾನ್ಯವಾಗಿ ಸಿಗುವುದೇ ಇಲ್ಲ.

ಬಿಗಿ ಜೋಡಿಗಳ ಸುತ್ತ ಗ್ರಹ ನಿಜಕ್ಕೂ ಇಲ್ಲವೋ, ಇದ್ದೂ ಓರೆಯಾಗಿರುವುದರಿಂದ ಕಾಣುತ್ತಿಲ್ಲವೋ ಎಂದು ಬೇರೆ ಮಾಡಿ ನೋಡಬೇಕಾದರೆ ಗ್ರಹ ನಕ್ಷತ್ರದ ಮುಂದೆ ಹಾಯುವುದನ್ನು ನೆಚ್ಚದ ಅಳತೆ ಬೇಕು. ರೋಹಿತದ ದಾರಿ ಒಂದು. ಟಿಓಐ-1338ರ ಎರಡನೇ ಗ್ರಹ 2023ರಲ್ಲಿ ಸಿಕ್ಕಿದ್ದು ಹಾಗೆ. ಇನ್ನೊಂದು ಯುರೋಪಿನ ಗಾಯಾ ದೂರದರ್ಶಕದ ಅಳತೆಗಳು. ಆಕಾಶದಲ್ಲಿ ನಕ್ಷತ್ರಗಳ ಜಾಗವನ್ನು ಹತ್ತು ವರ್ಷಕ್ಕೂ ಜಾಸ್ತಿ ಅಳೆದು ಗಾಯಾ 2025ರಲ್ಲಿ ಕೆಲಸ ಮುಗಿಸಿದೆ, ಅದರ ದತ್ತಾಂಶದ ದೊಡ್ಡ ಕಂತುಗಳು ಇನ್ನೂ ಹೊರಬರಬೇಕಿವೆ. ಗ್ರಹವೊಂದು ಇದ್ದರೆ ಜೋಡಿಯೇ ಒಟ್ಟಾಗಿ ಆಕಾಶದಲ್ಲಿ ಒಂದು ಚೂರು ಓಲಾಡಬೇಕು. ಗ್ರಹ ಎಷ್ಟೇ ಓರೆಯಾಗಿ ಸುತ್ತುತ್ತಿದ್ದರೂ ಆ ಓಲಾಟ ತಪ್ಪುವುದಿಲ್ಲ.